ಹೌಸ್ ಆಫ್ ದಿ ಡ್ರ್ಯಾಗನ್ ಎರಡನೇ ಸೀಸನ್‌ನ ಮೊದಲ ಕಂತು: ಇಲ್ಲಿ ಯಾರೂ ಬೇಕೆಂದು ಕೊಲ್ಲುವುದೇ ಇಲ್ಲವೇ?

ಮುಂಜಾವು ಕೇಳಿದ ಪ್ರಶ್ನೆ

ಗೇಮ್ ಆಫ್ ಥ್ರೋನ್ಸ್‌ಗಿಂತ ಹಿಂದಿನ ಕಾಲದ ಕಥೆ ಹೇಳುವ ಈ ಸರಣಿಯ, 2024ರ ಜೂನ್ 16ರಂದು ಎಚ್‌ಬಿಒದಲ್ಲಿ ಬಂದ ‘ಎ ಸನ್ ಫಾರ್ ಎ ಸನ್’ ಕಂತನ್ನು ಇನ್ನೂ ನೋಡದವರು ಇದನ್ನು ಓದದಿರುವುದು ಒಳ್ಳೆಯದು. ಆ ಕಂತಿನ ಕೊನೆಯ ಕೆಲವು ನಿಮಿಷಗಳೇ ನನ್ನ ಪ್ರಶ್ನೆಯ ವಿಷಯವಾದ್ದರಿಂದ ಏನನ್ನೂ ಮುಚ್ಚಿಟ್ಟು ಬರೆಯಲು ಸಾಧ್ಯವಿಲ್ಲ.

2022ರ ಅಕ್ಟೋಬರ್‌ನಲ್ಲಿ ಮೊದಲ ಸೀಸನ್ ಮುಗಿದಾಗ, ಮಗ ಲುಸೆರಿಸ್ ಸತ್ತ ಸುದ್ದಿ ಕೇಳಿದ, ಸಿಂಹಾಸನದ ಹಕ್ಕುದಾರಳಾದ ರೇನೀರಾ ಬೆಂಕಿಯ ಎದುರು ನಿಂತವಳು ನಿಧಾನವಾಗಿ ನಮ್ಮ ಕಡೆಗೆ ಮುಖ ತಿರುಗಿಸಿದ್ದಳು. ಆ ಒಂದು ನೋಟವನ್ನು ನೆನೆಯುತ್ತಾ ಇಪ್ಪತ್ತು ತಿಂಗಳು ಕಾದವರಲ್ಲಿ ನಾನೂ ಒಬ್ಬ. ಹೊಸ ಕಂತು ಆ ನಿರೀಕ್ಷೆಯನ್ನು ಬೇಕೆಂದೇ ತಣ್ಣಗೆ ಮಾಡಿದೆ ಎನ್ನುವುದರಲ್ಲಿ ನನಗೆ ತಕರಾರಿಲ್ಲ. ಇಡೀ ಕಂತಿನಲ್ಲಿ ರೇನೀರಾಳ ಬಾಯಿಂದ ಬರುವುದು ಒಂದೇ ವಾಕ್ಯ: ಮಗನ ಸಾವಿಗೆ ಕಾರಣನಾದ ಮಲತಮ್ಮ ಏಮಂಡ್ ಟಾರ್ಗೇರಿಯನ್ ತನಗೆ ಬೇಕು ಎನ್ನುವುದಷ್ಟೇ. ಅದಕ್ಕೂ ಮೊದಲು ಅವಳು ಕಡಲತೀರದಲ್ಲಿ ಮಗನ ಗುರುತಿಗಾಗಿ ಹುಡುಕುತ್ತಾಳೆ. ಮೀನುಗಾರರ ಬಲೆಯಲ್ಲಿ ಅವನ ಡ್ರ್ಯಾಗನ್ ಅರಾಕ್ಸ್‌ನ ರೆಕ್ಕೆಯ ತುಂಡು ಸಿಗುತ್ತದೆ, ಅದರ ನಡುವೆ ಮಗನ ಬಟ್ಟೆ ಸಿಗುತ್ತದೆ. ಎಮ್ಮಾ ಡಾರ್ಸಿ ಅವರು ಆ ಒದ್ದೆ ಬಟ್ಟೆಯನ್ನು ಎದೆಗವಚಿಕೊಂಡು ಕುಸಿಯುವ ದೃಶ್ಯಕ್ಕೆ ಒಂದೇ ಒಂದು ಮಾತು ಬೇಕಾಗಲಿಲ್ಲ.

ನನ್ನ ತೊಡಕು ಇರುವುದು ಬೇರೆ ಕಡೆ. ಕಥೆಯ ದೊಡ್ಡ ತಿರುವುಗಳನ್ನೆಲ್ಲ ಒಂದರ ಪಕ್ಕ ಒಂದು ಇಟ್ಟು ನೋಡಿ. ಸಾಯುವ ಹೊತ್ತಿನಲ್ಲಿ ರೇನೀರಾಳ ತಂದೆ, ರಾಜ ವಿಸೆರಿಸ್ ಆಡಿದ ಮಾತನ್ನು ಅವನ ಎರಡನೆಯ ಹೆಂಡತಿ ಅಲಿಸೆಂಟ್ ತಪ್ಪಾಗಿ ಅರ್ಥ ಮಾಡಿಕೊಂಡಳು, ಆದ್ದರಿಂದ ಅವಳ ಮಗ ಏಗಾನ್ ಪಟ್ಟಕ್ಕೆ ಬಂದ. ಏಮಂಡ್ ಲುಸೆರಿಸ್‌ನನ್ನು ಹೆದರಿಸಲು ಹೋದ, ಅವನ ಡ್ರ್ಯಾಗನ್ ವೇಗಾರ್ ಮಾತು ಕೇಳಲಿಲ್ಲ, ಆದ್ದರಿಂದ ಹುಡುಗ ಸತ್ತ. ಈಗ ರೇನೀರಾಳ ಗಂಡ ಡೇಮನ್ ಏಮಂಡ್‌ನನ್ನು ಕೊಲ್ಲಲು ಇಬ್ಬರನ್ನು ಕಳಿಸಿದ, ಅವರಿಗೆ ಏಮಂಡ್ ಸಿಗಲಿಲ್ಲ, ಆದ್ದರಿಂದ ಕೈಗೆ ಸಿಕ್ಕ ಏಗಾನ್‌ನ ಮಗು ಜೆಹೇರಿಸ್‌ನನ್ನು ಕೊಂದರು. ಮೂರು ಅನಾಹುತ, ಮೂರೂ ಕೈತಪ್ಪಿ ಆದದ್ದು! ವಂಶವೊಂದು ತನ್ನನ್ನು ತಾನೇ ಸುಟ್ಟುಕೊಳ್ಳುವ ಕಥೆಯಲ್ಲಿ ಬೆಂಕಿ ಹಚ್ಚಿದವರು ಯಾರೂ ಇಲ್ಲ, ಎಲ್ಲರೂ ಎಡವಿ ದೀಪ ಬೀಳಿಸಿದವರೇ ಎಂದಾದರೆ, ಅದು ದುರಂತವೋ ಅಪಘಾತಗಳ ಸರಮಾಲೆಯೋ?

ಕಂತು ಮುಗಿದಾಗ ನನಗೆ ಭಯವಾಯಿತು, ಮರುಕವೂ ಆಯಿತು. ಆದರೆ ಯಾರ ಮೇಲೂ ಸಿಟ್ಟು ಬರಲಿಲ್ಲ. ಸಿಟ್ಟು ಬರಬೇಕಾದ ಜಾಗದಲ್ಲಿ ಅದು ಬರದಿದ್ದರೆ ಬರವಣಿಗೆಯಲ್ಲಿ ಏನೋ ಕೊರತೆಯಿದೆ ಎಂದು ನನ್ನ ಅನುಮಾನ. ನಿಮಗೆಲ್ಲ ಹೇಗನ್ನಿಸಿತು?

ಇಲಿಬೋನು

ಮುಂಜಾವು ಅವರೇ, ನಿಮ್ಮ ಪಟ್ಟಿ ಸರಿಯಾಗಿದೆ, ತೀರ್ಮಾನಕ್ಕೆ ಮಾತ್ರ ನನ್ನ ಒಪ್ಪಿಗೆಯಿಲ್ಲ. ಕಾರಣ ಹೇಳುವ ಮೊದಲು ಕೊನೆಯ ದೃಶ್ಯವನ್ನು ಅವರು ಕಟ್ಟಿದ ರೀತಿಯ ಬಗ್ಗೆ ಸ್ವಲ್ಪ ಬರೆಯುತ್ತೇನೆ, ಏಕೆಂದರೆ ನಾನು ಅದನ್ನು ಮೂರು ಸಲ ನೋಡಿದ್ದೇನೆ, ಮೂರನೆಯ ಸಲ ಕಣ್ಣು ಮುಚ್ಚಿಕೊಂಡು ಬರೀ ಕೇಳಿದ್ದೇನೆ.

ಕೊಲೆಯನ್ನು ನಮಗೆ ತೋರಿಸುವುದೇ ಇಲ್ಲ. ಏಗಾನ್‌ನ ಹೆಂಡತಿ ಹೆಲೇನಾ ಮಗನತ್ತ ಬೆರಳು ತೋರಿಸುತ್ತಾಳೆ, ಒಬ್ಬ ಆ ಹಾಸಿಗೆಯ ಕಡೆಗೆ ಬಾಗುತ್ತಾನೆ, ಅಲ್ಲಿಂದಾಚೆಗೆ ಕ್ಯಾಮೆರಾ ಅವಳ ಮುಖವನ್ನು ಬಿಟ್ಟು ಕದಲುವುದಿಲ್ಲ. ಉಳಿದದ್ದೆಲ್ಲ ಸದ್ದು. ಅದು ಕತ್ತಿ ಬೀಸಿದ ಸದ್ದಲ್ಲ, ಕೊಯ್ಯುವ ಸದ್ದು. ಒಮ್ಮೆಗೇ ಮುಗಿಯದೆ ಎಳೆದಾಡುವ ಆ ಸದ್ದಿನ ನಡುವೆಯೇ ಹೆಲೇನಾ ಮಗಳನ್ನು ಎತ್ತಿಕೊಂಡು ಹೊರಗೆ ನಡೆಯುತ್ತಾಳೆ. ಓಡುವುದಿಲ್ಲ, ಕಿರುಚುವುದಿಲ್ಲ. ಮೆಟ್ಟಿಲಿಳಿದು ತಾಯಿಯ ಕೋಣೆಗೆ ಹೋಗಿ, ಅಲ್ಲಿ ಕ್ರಿಸ್ಟನ್ ಕೋಲ್‌ನ ಜೊತೆಗಿದ್ದ ಅಲಿಸೆಂಟ್‌ಳನ್ನು ನೋಡಿಯೂ ನೋಡದವಳಂತೆ, ಹುಡುಗನನ್ನು ಕೊಂದುಬಿಟ್ಟರು ಎಂದಷ್ಟೇ ಹೇಳುತ್ತಾಳೆ. ‘ನನ್ನ ಮಗನನ್ನು’ ಎನ್ನುವುದಿಲ್ಲ, ‘ಹುಡುಗನನ್ನು’ ಎನ್ನುತ್ತಾಳೆ, ಬೇರೆಯವರ ಮನೆಯ ಸುದ್ದಿ ತಂದವಳ ಹಾಗೆ. ಅತಿಯಾದ ಆಘಾತದಲ್ಲಿ ಮನುಷ್ಯರು ಹೀಗೇ ಮಾತನಾಡುತ್ತಾರೆ. ಫಿಯಾ ಸಬಾನ್ ಅವರ ಆ ಸಪಾಟು ಧ್ವನಿ ನೂರು ಚೀತ್ಕಾರಗಳಿಗಿಂತ ಹೆಚ್ಚು ಹೊತ್ತು ನನ್ನ ಕಿವಿಯಲ್ಲಿ ಉಳಿಯಿತು.

ಈ ಕಂತಿನ ನಿರ್ದೇಶಕರು ಅಲನ್ ಟೇಲರ್. ಗೇಮ್ ಆಫ್ ಥ್ರೋನ್ಸ್‌ನ ಮೊದಲ ಸೀಸನ್‌ನಲ್ಲಿ, 2011ರಲ್ಲಿ, ನೆಡ್ ಸ್ಟಾರ್ಕ್‌ನ ಶಿರಚ್ಛೇದದ ಕಂತನ್ನು ಮಾಡಿದವರೂ ಇವರೇ. ಅಲ್ಲಿಯೂ ನಾವು ಆ ಸಾವನ್ನು ಕಂಡದ್ದು ಅವನ ಮಗಳು ಆರ್ಯಾಳ ಮೂಲಕ. ಅವಳ ಮುಖವನ್ನು ಮರೆಮಾಡಿದ ಕೈ, ಮಂಕಾದ ಸದ್ದು, ಮೇಲೆ ಹಾರಿದ ಹಕ್ಕಿಗಳು ಇವಿಷ್ಟೇ ನಮ್ಮ ಪಾಲಿಗೆ ಬಂದವು. ಅಲ್ಲಿ ಸದ್ದನ್ನು ಅಡಗಿಸಿದ ಕೈಯೇ ಇಲ್ಲಿ ಸದ್ದೊಂದನ್ನೇ ಉಳಿಸಿದೆ. ಎರಡರಲ್ಲೂ ರಕ್ತಕ್ಕಿಂತ, ಅದನ್ನು ಕಂಡವರ ಪಾಡು ಮುಖ್ಯ.

ಇನ್ನು ನಿಮ್ಮ ಪ್ರಶ್ನೆಗೆ ಬರುತ್ತೇನೆ. ಸಿಟ್ಟು ಬರಲಿಲ್ಲ ಎಂದಿರಿ. ಅದು ಬರದಿರುವುದೇ ಸರಿ ಎಂದು ನನ್ನ ವಾದ. ಪ್ರಚಾರದ ಹೊತ್ತಿನಲ್ಲಿ ಎಚ್‌ಬಿಒ ರೇನೀರಾಳ ಕಪ್ಪು ಬಣಕ್ಕೊಂದು, ಏಗಾನ್‌ನ ಹಸಿರು ಬಣಕ್ಕೊಂದು ಬೇರೆ ಬೇರೆ ಟ್ರೇಲರ್ ಬಿಟ್ಟು, ಯಾವ ಪಕ್ಷ ನಿಮ್ಮದು ಎಂದು ನಮ್ಮನ್ನೆಲ್ಲ ಕೇಳಿತ್ತಲ್ಲವೇ? ನಾವೂ ಉತ್ಸಾಹದಿಂದ ಪಕ್ಷ ಕಟ್ಟಿಕೊಂಡು ಕೂತೆವು. ಕಂತು ಬಂದು ಆ ಪಕ್ಷಗಳ ಕಾಲಡಿಯ ನೆಲವನ್ನೇ ಎಳೆದುಬಿಟ್ಟಿತು. ರೇನೀರಾಳ ಕಡೆಯವರೆಂದು ಕೂಗುತ್ತಿದ್ದವರೆಲ್ಲ ಆ ರಾತ್ರಿ ಹೆಲೇನಾಳ ಮುಖ ನೋಡಿ ಬಾಯಿ ಮುಚ್ಚಿಕೊಂಡರು, ನಾನೂ ಸೇರಿ.

ಕಡತಗಾರ

ಮೂಲ ಪುಸ್ತಕ ಓದಿದವರು ಈ ಚರ್ಚೆಗೆ ಬಂದರೆ ಉಳಿದವರಿಗೆ ಬೇಸರವಾಗುತ್ತದೆ ಎಂದು ಗೊತ್ತಿದೆ. ಆದರೂ ಏನು ಕೈಬಿಟ್ಟರು ಎಂಬುದನ್ನು ಹೇಳದೆ ಮುಂಜಾವು ಅವರ ಪ್ರಶ್ನೆಗೆ ಉತ್ತರ ಪೂರ್ತಿಯಾಗುವುದಿಲ್ಲ. ಮುಂದಿನ ಕಥೆಯನ್ನು ಮುಟ್ಟದೆ ಬರೆಯುತ್ತೇನೆ.

ಜಾರ್ಜ್ ಆರ್. ಆರ್. ಮಾರ್ಟಿನ್ ಅವರ ‘ಫೈರ್ ಅಂಡ್ ಬ್ಲಡ್’ 2018ರಲ್ಲಿ ಬಂತು. ಅದರಲ್ಲಿ ಹೆಲೇನಾಳಿಗೆ ಮೂವರು ಮಕ್ಕಳು: ಆರು ವರ್ಷದ ಅವಳಿ ಜೆಹೇರಿಸ್ ಮತ್ತು ಜೆಹೇರಾ, ಎರಡು ವರ್ಷದ ಮೇಲರ್. ಕೊಲೆಗಡುಕರು ಕಾದು ಕೂರುವುದು ಅಲಿಸೆಂಟ್‌ಳ ಕೋಣೆಯಲ್ಲಿ. ಅಜ್ಜಿಗೆ ಶುಭರಾತ್ರಿ ಹೇಳಿಸಲು ಹೆಲೇನಾ ದಿನವೂ ಮಕ್ಕಳನ್ನು ಅಲ್ಲಿಗೆ ಕರೆತರುವ ವಾಡಿಕೆ ಅವರಿಗೆ ಗೊತ್ತಿರುತ್ತದೆ. ಅಲಿಸೆಂಟ್ ಕೈಕಾಲು ಕಟ್ಟಿಸಿಕೊಂಡು ಎಲ್ಲವನ್ನೂ ಕಣ್ಣಾರೆ ನೋಡುತ್ತಾಳೆ. ಇಬ್ಬರು ಗಂಡುಮಕ್ಕಳಲ್ಲಿ ಯಾರು ಸಾಯಬೇಕೆಂದು ನೀನೇ ಹೇಳು ಎಂದು ಅವರು ತಾಯಿಯನ್ನು ಕೇಳುತ್ತಾರೆ. ತನ್ನನ್ನು ಕೊಲ್ಲಿ ಎಂದು ಬೇಡಿ ಸೋತ ಅವಳು ಕೊನೆಗೆ ಕಿರಿಯವನ ಹೆಸರು ಹೇಳುತ್ತಾಳೆ. ಆಗ ಅವರು, ನಿನ್ನ ತಾಯಿಗೆ ನೀನು ಸಾಯಬೇಕಂತೆ ಎಂದು ಆ ಎಳೆಯ ಮಗುವಿನ ಕಿವಿಗೆ ಬೀಳುವಂತೆ ಹೇಳಿ, ಹಿರಿಯವನ ತಲೆ ಕತ್ತರಿಸುತ್ತಾರೆ. ಕೊಂದವನ ಜೊತೆಗೆ ಅವಳು ಬದುಕಬೇಕಾಗಿಲ್ಲ. ತಾನು ಸಾವಿಗೆ ಹೆಸರಿಸಿದ, ಆದರೆ ಬದುಕುಳಿದ ಮಗುವಿನ ಮುಖವನ್ನು ದಿನವೂ ನೋಡುತ್ತಾ ಬದುಕಬೇಕು.

ಸರಣಿಯಲ್ಲಿ ಮೇಲರ್ ಹುಟ್ಟಿಯೇ ಇಲ್ಲ. ಹೀಗಾಗಿ ಆಯ್ಕೆಯ ಪ್ರಶ್ನೆ ಏಳುವುದಿಲ್ಲ. ಅವಳಿಗಳಲ್ಲಿ ಗಂಡು ಯಾವುದು ಎಂದು ಕೇಳುವುದಷ್ಟೇ ಉಳಿಯುತ್ತದೆ. ಹೆಲೇನಾ ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ. ಆ ಕ್ಷಣದಲ್ಲಿ ಅವಳು ತೋರಿದ ಬೆರಳಿಗೂ ಒಂದು ಭಾರವಿದೆ ಎಂದು ಒಪ್ಪುತ್ತೇನೆ. ಆದರೆ ಅದು ಒತ್ತಾಯಕ್ಕೆ ಕೊಟ್ಟ ಮಾಹಿತಿ. ಪುಸ್ತಕದಲ್ಲಿರುವುದು ಒತ್ತಾಯಕ್ಕೆ ಮಾಡಿದ ತೀರ್ಪು. ಎರಡರ ನಡುವೆ ಅಜಗಜಾಂತರವಿದೆ. ಮುಂಜಾವು ಅವರಿಗೆ ಸಿಟ್ಟು ಬರದಿರಲು ಇದೇ ಕಾರಣ ಎಂದು ನನಗೆ ತೋರುತ್ತದೆ. ಪುಸ್ತಕದ ಕೊಲೆಗಡುಕರ ಕ್ರೌರ್ಯದಲ್ಲಿ ಒಂದು ಯೋಜನೆಯಿದೆ, ಸರಣಿಯವರಲ್ಲಿ ಗಡಿಬಿಡಿಯಿದೆ.

ಇದಕ್ಕೆ ವಿರುದ್ಧವಾದ ಮಾತೊಂದನ್ನು ನಾನೇ ಹೇಳಿಬಿಡಬೇಕು. ‘ಫೈರ್ ಅಂಡ್ ಬ್ಲಡ್’ ಕಾದಂಬರಿಯಂತೆ ಬರೆದ ಪುಸ್ತಕವಲ್ಲ. ಘಟನೆಗಳೆಲ್ಲ ನಡೆದು ಎಷ್ಟೋ ಕಾಲವಾದ ಮೇಲೆ ಗಿಲ್ಡೇನ್ ಎಂಬ ಪಂಡಿತ ಬರೆದ ಇತಿಹಾಸದ ವೇಷದಲ್ಲಿ ಅದು ಇದೆ. ಅವನ ಆಕರಗಳಲ್ಲಿ ಮಶ್ರೂಮ್ ಎಂಬ ವಿದೂಷಕನ ರಸವತ್ತಾದ ಕಥೆಗಳಿವೆ, ಯೂಸ್ಟೇಸ್ ಎಂಬ ಪುರೋಹಿತನ ಮಡಿವಂತ ಬರಹವಿದೆ. ಒಬ್ಬ ಹೇಳಿದ್ದನ್ನು ಇನ್ನೊಬ್ಬ ಅಲ್ಲಗಳೆಯುತ್ತಾನೆ. ಆದ್ದರಿಂದ ಬರೆದಿಟ್ಟದ್ದು ಹೀಗೆ, ನಿಜಕ್ಕೂ ನಡೆದದ್ದು ಹೀಗೆ ಎಂದು ತೋರಿಸುವ ಸ್ವಾತಂತ್ರ್ಯ ಸರಣಿಗೆ ಇದ್ದೇ ಇದೆ. ಈ ಸೀಸನ್‌ನ ಹೊಸ ಟೈಟಲ್ ಗಮನಿಸಿದಿರಾ? ಕಳೆದ ಸಲ ಕಲ್ಲಿನ ನಗರದ ಕಾಲುವೆಗಳಲ್ಲಿ ರಕ್ತ ಹರಿಯುತ್ತಿತ್ತು. ಈ ಸಲ ಇತಿಹಾಸವೆಲ್ಲ ಕಸೂತಿಯಾಗಿ ಹೆಣೆದುಕೊಳ್ಳುತ್ತದೆ, ರಕ್ತ ನೂಲಿನೊಳಗೆ ಇಂಗುತ್ತದೆ. ಕಸೂತಿ ಹಾಕುವವರು ಗೆದ್ದವರ ಕಡೆಯವರೇ ಆಗಿರುತ್ತಾರೆ. ಯಾರೋ ಎಡವಿದ್ದನ್ನು ಅವರು ಸಂಚು ಎಂದು ಹೆಣೆಯುತ್ತಾರೆ, ಸಂಚನ್ನು ವಿಧಿ ಎಂದು ಹೆಣೆಯುತ್ತಾರೆ. ಅಪಘಾತಗಳ ಸರಮಾಲೆ ಎಂದು ನೀವು ದೂರಿದ್ದನ್ನು ಸರಣಿ ಗೊತ್ತಿದ್ದೇ ಮಾಡುತ್ತಿರಬಹುದು.

ಗೊತ್ತಿದ್ದು ಮಾಡಿದರೂ ಮೇಲರ್ ಇಲ್ಲದ ದೃಶ್ಯ ಬಡವಾಯಿತು ಎಂಬ ನನ್ನ ಅಭಿಪ್ರಾಯ ಬದಲಾಗಿಲ್ಲ.

ಉತ್ತರದ ಗಾಳಿ

ನೀವೆಲ್ಲ ತತ್ವ ಮಾತನಾಡುತ್ತಿದ್ದೀರಿ, ನನ್ನದೊಂದು ಪಾಮರ ಪ್ರಶ್ನೆ. ಅರಮನೆಯ ಕಾವಲುಗಾರರು ಎಲ್ಲಿ ಹೋಗಿದ್ದರು? ಯುದ್ಧ ಇಂದೋ ನಾಳೆಯೋ ಎನ್ನುವಾಗ ರಾಜನ ಮಕ್ಕಳು ಮಲಗುವ ಕೋಣೆಯ ಬಾಗಿಲಲ್ಲಿ ಒಂದು ನರಪಿಳ್ಳೆಯೂ ಇಲ್ಲ. ಒಬ್ಬ ಇಲಿ ಹಿಡಿಯುವವನು, ಇನ್ನೊಬ್ಬ ದಾಂಡಿಗ, ಇಬ್ಬರೂ ಏಗಾನ್ ತನ್ನ ಗೆಳೆಯರೊಂದಿಗೆ ಕುಡಿಯುತ್ತಾ ಕೂತಿದ್ದ ಸಿಂಹಾಸನದ ಸಭಾಂಗಣವನ್ನೇ ಹಾದು ಹೋಗುತ್ತಾರೆ! ಕಾವಲುಪಡೆಯ ನಾಯಕ ಕ್ರಿಸ್ಟನ್ ಕೋಲ್ ಆ ಹೊತ್ತಿನಲ್ಲಿ ಎಲ್ಲಿದ್ದ ಎಂಬುದನ್ನು ತೋರಿಸಿದರು, ಒಪ್ಪಿದೆ. ಅವನ ಕೈಕೆಳಗಿನವರೆಲ್ಲರೂ ಅವನ ಹಾಗೆಯೇ ಕೆಲಸ ಬಿಟ್ಟು ಹೋಗಿದ್ದರೇ?

ಆರಂಭದ ಬಗ್ಗೆ ಮಾತ್ರ ನನಗೆ ಪೂರ್ಣ ತೃಪ್ತಿ. ವಿಂಟರ್‌ಫೆಲ್, ಅಲ್ಲಿಂದ ಹಿಮದ ಗೋಡೆ, ಗೋಡೆಯ ಮೇಲೆ ಉತ್ತರದ ಒಡೆಯ ಕ್ರೆಗನ್ ಸ್ಟಾರ್ಕ್ ಮತ್ತು ರೇನೀರಾಳ ಹಿರಿಯ ಮಗ ಜಕೇರಿಸ್. ಚಳಿಗಾಲ ಬರುವ ಮುಂಚೆ ಉತ್ತರದವರು ಹತ್ತರಲ್ಲಿ ಒಬ್ಬರಂತೆ ಗೋಡೆ ಕಾಯಲು ಹೋಗುವುದನ್ನು ಕ್ರೆಗನ್ ವಿವರಿಸುವಾಗ, ಸಿಂಹಾಸನಕ್ಕಾಗಿ ದಕ್ಷಿಣದವರು ನಡೆಸುವ ಜಗಳ ಎಷ್ಟು ಸಣ್ಣದೆಂದು ಬಾಯಿಬಿಟ್ಟು ಹೇಳದೆಯೇ ತಿಳಿಯಿತು. ಆ ಹೊತ್ತಿಗೇ ಲುಸೆರಿಸ್‌ನ ಸುದ್ದಿ ಹೊತ್ತ ಕಾಗೆ ಬರುತ್ತದೆ.

ಇಲಿಬೋನು

ಉತ್ತರದ ಗಾಳಿಯವರ ಕಾವಲುಗಾರರ ಪ್ರಶ್ನೆಗೆ ನನ್ನಲ್ಲಿ ಉತ್ತರವಿಲ್ಲ, ಅದು ಬರವಣಿಗೆಯ ಸಡಿಲವೇ. ಆದರೆ ಜಕೇರಿಸ್‌ನ ಮಾತು ಬಂದದ್ದರಿಂದ ಹೇಳುತ್ತೇನೆ. ಅವನು ಹಿಂದಿರುಗಿ ಬಂದು, ಯಾವ ಯಾವ ಮನೆತನದ ಬೆಂಬಲ ಸಿಕ್ಕಿತೆಂದು ರಾಯಭಾರಿಯ ಭಾಷೆಯಲ್ಲಿ ತಾಯಿಗೆ ವರದಿ ಒಪ್ಪಿಸಲು ತೊಡಗುತ್ತಾನೆ. ನಡುವೆ ಗಂಟಲು ಕಟ್ಟುತ್ತದೆ. ಕೆಲಸದ ಮಾತನ್ನು ಮುಗಿಸಿಬಿಡಬೇಕೆಂದು ಆ ಹುಡುಗ ಪಡುವ ಹಟ, ಆಗದೆ ಅವಳ ತೋಳಿಗೆ ಬೀಳುವುದು ಇಡೀ ಕಂತಿನಲ್ಲಿ ನನಗೆ ಅತ್ಯಂತ ಹತ್ತಿರವಾದ ಗಳಿಗೆ. ಕೊನೆಯ ದೃಶ್ಯದ ಗದ್ದಲದಲ್ಲಿ ಇದನ್ನು ಯಾರೂ ನೆನೆಯುತ್ತಿಲ್ಲ.

ಬಯಲಾಟದ ಚೌಕಿ

ನಾನು ತಡವಾಗಿ ಬಂದೆ. ಮುಂಜಾವು ಅವರ ಪ್ರಶ್ನೆಯ ಬೇರಿಗೇ ಕೈ ಹಾಕುತ್ತೇನೆ: ಗುರಿ ತಪ್ಪಿದ ಕೊಲೆ ಅಪಘಾತವಾಗುತ್ತದೆಯೇ?

ಇದು ನಮಗೆ ಹೊಸ ಪ್ರಶ್ನೆಯಲ್ಲ. ನಮ್ಮ ಜನ ಗದಾಪರ್ವದ ಕಥೆಯಲ್ಲಿ ಕೇಳಿಕೊಂಡು ಬಂದದ್ದನ್ನು ನೆನಪಿಸಿಕೊಳ್ಳಿ. ತಂದೆಯ ಸಾವಿಗೆ, ತೊಡೆ ಮುರಿದು ಬಿದ್ದ ಒಡೆಯನ ಸೋಲಿಗೆ ಸೇಡು ತೀರಿಸಲು ಅಶ್ವತ್ಥಾಮ ನಡುರಾತ್ರಿ ಪಾಳೆಯಕ್ಕೆ ನುಗ್ಗುತ್ತಾನೆ. ಪಾಂಡವರೆಂದು ತಿಳಿದು ಮಲಗಿದ್ದ ಐವರ ತಲೆ ಕಡಿದು ತರುತ್ತಾನೆ. ಬೆಳಕಿನಲ್ಲಿ ನೋಡಿದರೆ ಅವು ದ್ರೌಪದಿಯ ಮಕ್ಕಳ ತಲೆಗಳು. ಯಾರ ಸಂತೋಷಕ್ಕೆಂದು ತಂದನೋ ಆ ದುರ್ಯೋಧನನೇ ಕುಲದ ಕುಡಿಗಳನ್ನು ಕಡಿದೆಯಲ್ಲೋ ಎಂದು ಮರುಗುತ್ತಾನೆ. ಈ ಕಥೆಯನ್ನು ಕೇಳಿದ ಯಾರಾದರೂ, ಪಾಪ, ಕತ್ತಲಲ್ಲಿ ಗುರುತು ತಪ್ಪಿತು, ಅದೊಂದು ಅಪಘಾತ ಎಂದು ಅಶ್ವತ್ಥಾಮನನ್ನು ಕ್ಷಮಿಸಿದ್ದುಂಟೇ? ಇಲ್ಲ. ಏಕೆಂದರೆ ತಪ್ಪಿದ್ದು ಗುರುತು ಮಾತ್ರ. ಮಲಗಿದವರನ್ನು ಕೊಲ್ಲುವ ನಿರ್ಧಾರ ಅವನು ಪಾಳೆಯದ ಹೊರಗೆ ನಿಂತಿದ್ದಾಗಲೇ ಆಗಿತ್ತು.

ಈಗ ಡೇಮನ್‌ನ ಕಡೆ ನೋಡಿ. ಮಂತ್ರಾಲೋಚನೆಯ ಮೇಜಿನ ಎದುರು ರೇನೀರಾ ಹೇಳಿದ್ದು ಏಮಂಡ್ ಬೇಕು ಎಂದು. ‘ಬೇಕು’ ಎಂಬುದು ಎಷ್ಟು ಸಡಿಲವಾದ ಮಾತು! ಸೆರೆ ಹಿಡಿದು ತರಬೇಕೆಂದೋ, ತಲೆ ತರಬೇಕೆಂದೋ ಅವಳು ಬಿಡಿಸಿ ಹೇಳಲಿಲ್ಲ. ತುಂಬಿದ ದುಃಖದಲ್ಲಿ ತಾಯಿಯೊಬ್ಬಳು ಆಡಿದ ಆ ಮಾತನ್ನು ಡೇಮನ್ ಪರವಾನಗಿಯಂತೆ ಕಿಸೆಗೆ ಹಾಕಿಕೊಂಡು ಹೊರಡುತ್ತಾನೆ, ಗೂಢಚಾರಿಣಿ ಮಿಸಾರಿಯಾಳಿಂದ ಹೆಸರುಗಳನ್ನು ಪಡೆಯುತ್ತಾನೆ, ಕತ್ತಲೆಯಲ್ಲಿ ಆ ಇಬ್ಬರಿಗೆ ಹಣ ಕೊಡುತ್ತಾನೆ. ಅವರಲ್ಲೊಬ್ಬ ಸರಿಯಾದ ಪ್ರಶ್ನೆಯನ್ನೇ ಕೇಳುತ್ತಾನೆ: ಅವನು ಸಿಗದಿದ್ದರೆ? ಕ್ಯಾಮೆರಾ ಡೇಮನ್‌ನ ಮುಖದ ಮೇಲೆ ಒಂದು ಕ್ಷಣ ನಿಲ್ಲುತ್ತದೆ, ಉತ್ತರ ಬರುವ ಮೊದಲೇ ದೃಶ್ಯ ಕತ್ತರಿಸಿ ಹೋಗುತ್ತದೆ.

ಈ ಕತ್ತರಿಯ ಬಗ್ಗೆ ಅಭಿಮಾನಿಗಳು ಎರಡು ಪಾಲಾಗಿದ್ದಾರೆ. ಡೇಮನ್‌ನನ್ನು ಕಾಪಾಡಲು ಬರಹಗಾರರು ಉತ್ತರವನ್ನು ನುಂಗಿದರು ಎನ್ನುವವರು ಹಲವರು. ನನಗೆ ಅದು ತಿರುವುಮುರುವಾಗಿ ಕಾಣುತ್ತದೆ. ಅವನು, ಸಿಗದಿದ್ದರೆ ಬರಿಗೈಯಲ್ಲಿ ಬನ್ನಿ ಎಂದಿದ್ದರೆ ಅದನ್ನು ತೋರಿಸಲು ಅಡ್ಡಿಯೇನಿತ್ತು? ಆ ಮಾತು ಅವನನ್ನು ನಿಜಕ್ಕೂ ಕಾಪಾಡುತ್ತಿತ್ತು. ತೋರಿಸಲಿಲ್ಲ ಎಂದ ಮೇಲೆ, ಕೋಣೆಯಲ್ಲಿ ಆ ಇಬ್ಬರು ಒಬ್ಬ ಮಗನಿಗೆ ಇನ್ನೊಬ್ಬ ಮಗ ಎಂದು ತಮ್ಮತಮ್ಮಲ್ಲೇ ಗೊಣಗಿಕೊಳ್ಳುವ ಮಾತು ಎಲ್ಲಿಂದ ಬಂತು ಎಂದು ನಾವೇ ಕೂಡಿಸಿಕೊಳ್ಳಬೇಕು. ಅದು ಬಾಡಿಗೆ ಕೊಲೆಗಡುಕರಿಗೆ ತಾನಾಗಿ ಹೊಳೆಯುವ ಮಾತಲ್ಲ, ಅರಮನೆಯಲ್ಲಿ ಹುಟ್ಟಿದ ಮಾತು.

ಸಿಟ್ಟು ಬರಲಿಲ್ಲ ಎಂದಿರಿ. ನನಗೆ ಬಂತು, ಸ್ವಲ್ಪ ತಡವಾಗಿ, ಆ ಕತ್ತರಿಸಿದ ಜಾಗವನ್ನು ನೆನೆದಾಗ. ಕೊಂದವರ ಮೇಲಲ್ಲ, ಉತ್ತರ ಹೇಳದೆ ಸುಮ್ಮನೆ ನೋಡಿದವನ ಮೇಲೆ.

ಮೊದಲ ಸೀಸನ್‌ನ ಏಮಂಡ್‌ಗೂ ಇದೇ ಅಳತೆಗೋಲು ಹಿಡಿಯಿರಿ. ವೇಗಾರ್ ಮಾತು ಕೇಳಲಿಲ್ಲ, ನಿಜ. ಆದರೆ ಜಗತ್ತಿನಲ್ಲೇ ದೊಡ್ಡದಾದ ಡ್ರ್ಯಾಗನ್ನಿನ ಮೇಲೆ ಕೂತು, ಬಿರುಗಾಳಿಯಲ್ಲಿ, ಒಂದು ಮರಿ ಡ್ರ್ಯಾಗನ್ ಮೇಲಿದ್ದ ಹುಡುಗನನ್ನು ಆಟಕ್ಕೆಂದು ಅಟ್ಟಿಸಿಕೊಂಡು ಹೋದವನು ಯಾರು? ಕೈತಪ್ಪಿದ್ದು ಕೊನೆಯ ಗಳಿಗೆಯಲ್ಲಿ. ಕೈ ಹಾಕಿದ್ದು ಅದಕ್ಕೆ ಬಹಳ ಮುಂಚೆ.

ಮುಂಜಾವು

ಚೌಕಿಯವರೇ, ನಿಮ್ಮ ಬರಹ ಓದಿ ಆ ದೃಶ್ಯವನ್ನು ಮತ್ತೆ ನೋಡಿದೆ. ಹಣ ಕೊಡುವಾಗ ಡೇಮನ್‌ನ ಮುಖದಲ್ಲಿ ಹಿಂಜರಿಕೆಯ ಸುಳಿವೂ ಇಲ್ಲ. ಮ್ಯಾಟ್ ಸ್ಮಿತ್ ಅವರು ಆ ಪ್ರಶ್ನೆಗೆ ಕಣ್ಣಲ್ಲೇ ಏನೋ ಹೇಳಿಬಿಡುತ್ತಾರೆ, ನಾನು ಮೊದಲ ಸಲ ಗಮನಿಸಿರಲಿಲ್ಲ. ಡೇಮನ್ ಮತ್ತು ಏಮಂಡ್‌ನ ವಿಷಯದಲ್ಲಿ ನಿಮ್ಮ ವಾದಕ್ಕೆ ಸೋತೆ.

ಅಲಿಸೆಂಟ್‌ಳ ವಿಷಯದಲ್ಲಿ ಸೋಲುವುದಿಲ್ಲ. ಸಾಯುವವನ ತೊದಲುಮಾತನ್ನು ಕೇಳಿ ಅವಳು ಪ್ರಾಮಾಣಿಕವಾಗಿಯೇ ತಪ್ಪು ತಿಳಿದಳು ಎಂದು ಸರಣಿ ತೀರ್ಮಾನಿಸಿಬಿಟ್ಟಿದೆ. ಈ ಕಂತಿನಲ್ಲೂ ಅವಳು ದೇಗುಲದಲ್ಲಿ ಸತ್ತವರಿಗೆ ದೀಪ ಹಚ್ಚುತ್ತಾಳೆ, ಶತ್ರುಪಕ್ಷದ ಲುಸೆರಿಸ್‌ಗೂ ಒಂದು ಹಚ್ಚುತ್ತಾಳೆ. ಅತ್ತ ಅವನ ಚಿತೆ, ಇತ್ತ ಇವಳ ದೀಪ ಎಂದು ಎರಡನ್ನೂ ಬೆರೆಸಿ ತೋರಿಸಿದ್ದು ಚೆಂದವಾಗಿದೆ, ಆದರೆ ಅವಳಿಗೆ ಅಧಿಕಾರದ ಆಸೆ ಇದ್ದೇ ಇಲ್ಲ ಎಂಬಂತೆ ತೊಳೆದು ಬಿಳಿ ಮಾಡಿದರೆ ಪಾತ್ರದಲ್ಲಿ ಉಳಿಯುವುದೇನು? ಕಡತಗಾರರು ಹೇಳಿದಂತೆ ಪುಸ್ತಕದ ಅಲಿಸೆಂಟ್ ಕಟ್ಟಿಹಾಕಿಸಿಕೊಂಡು ಮೊಮ್ಮಗನ ಸಾವನ್ನು ನೋಡುತ್ತಾಳೆ, ಇಲ್ಲಿಯವಳು ಬೇರೊಂದು ಕೋಣೆಯಲ್ಲಿ ಮುಜುಗರಕ್ಕೊಳಗಾಗುತ್ತಾಳೆ. ಎರಡೂ ಶಿಕ್ಷೆಯೇ ಇರಬಹುದು. ಎರಡನೆಯದು ನನಗೆ ಅಗ್ಗವಾಗಿ ಕಂಡಿತು.

ಉತ್ತರದ ಗಾಳಿ

ಮೊದಲ ಸೀಸನ್‌ನ ಆರಂಭದ ಕಂತನ್ನು ಅಮೆರಿಕದಲ್ಲಿ ಮೊದಲ ರಾತ್ರಿ ಸುಮಾರು ಒಂದು ಕೋಟಿ ಜನ ನೋಡಿದ್ದರು, ಈ ಸಲ ಸಂಖ್ಯೆ 78 ಲಕ್ಷಕ್ಕೆ ಇಳಿಯಿತು ಎಂದು ಎಲ್ಲೆಡೆ ಆಡಿಕೊಳ್ಳುತ್ತಿದ್ದಾರೆ. ಇಪ್ಪತ್ತು ತಿಂಗಳು ಕಾಯಿಸಿದರೆ ಇನ್ನೇನಾಗುತ್ತದೆ? ಈ ಸಲ ಕಂತುಗಳೂ ಹತ್ತರಿಂದ ಎಂಟಕ್ಕೆ ಇಳಿದಿವೆ. ಕಾವಲುಗಾರರನ್ನೂ ಅದೇ ಲೆಕ್ಕದಲ್ಲಿ ಕಡಿತ ಮಾಡಿರಬೇಕು.

ಕಡತಗಾರ, ಸೆಪ್ಟೆಂಬರ್‌ನಲ್ಲಿ

ಸೀಸನ್ ಮುಗಿದು ತಿಂಗಳಾದ ಮೇಲೆ ಈ ಚರ್ಚೆಗೆ ಹಿಂದಿರುಗಲು ಕಾರಣವಿದೆ. ಮಾರ್ಟಿನ್ ಅವರೇ ತಮ್ಮ ಬ್ಲಾಗಿನಲ್ಲಿ ಮೇಲರ್‌ನನ್ನು ಕೈಬಿಟ್ಟ ಬಗ್ಗೆ ಉದ್ದವಾಗಿ ಬರೆದರು, ಸ್ವಲ್ಪ ಹೊತ್ತಿನಲ್ಲೇ ಅದನ್ನು ತೆಗೆದೂ ಹಾಕಿದರು. ಮೊದಲ ಎರಡು ಕಂತುಗಳನ್ನು ಅವರು ಮೆಚ್ಚಿಯೇ ಇದ್ದರು. ಆದರೆ ತಾಯಿಯ ಆಯ್ಕೆ ಇಲ್ಲವಾದದ್ದರಿಂದ ದೃಶ್ಯ ತನ್ನ ಬಲ ಕಳೆದುಕೊಂಡಿತು ಎಂಬುದು ಅವರ ಮಾತಿನ ಸಾರ. ಅಷ್ಟು ಎಳೆಯ ಮಗುವನ್ನಿಟ್ಟುಕೊಂಡು ಚಿತ್ರೀಕರಣ ಮಾಡುವ ಕಷ್ಟ, ಅದರ ಖರ್ಚು ಎಂಬ ಕಾರಣಗಳನ್ನು ಸರಣಿಯ ಹೊಣೆ ಹೊತ್ತ ರಯಾನ್ ಕಾಂಡಲ್ ಅವರು ಮುಂದಿಟ್ಟಿದ್ದರಂತೆ. ಒಂದು ಸಣ್ಣ ಪಾತ್ರವನ್ನು ತೆಗೆದರೆ ಮುಂದೆ ಎಲ್ಲೆಲ್ಲಿ ಏನೇನು ಕುಸಿಯುತ್ತದೆ ಎಂದು ಅವರು ವಿವರಿಸಿದ್ದನ್ನು ನಾನು ಇಲ್ಲಿ ಬರೆಯುವುದಿಲ್ಲ, ರಸಭಂಗವಾದೀತು. ಜೂನ್‌ನಲ್ಲಿ ನಾನು ಹೇಳಿದ್ದಕ್ಕೆ ಲೇಖಕರ ಮೊಹರು ಬಿತ್ತೆಂದು ಒಂದು ದಿನ ಬೀಗಿದೆ, ಒಪ್ಪಿಕೊಳ್ಳುತ್ತೇನೆ.

ಬೀಗುವುದು ಮುಗಿದ ಮೇಲೆ ಮೊದಲೆರಡು ಕಂತುಗಳನ್ನು ಒಟ್ಟಿಗೆ ಕೂತು ನೋಡಿದೆ. ಮುಂಜಾವು ಅವರ ಮೂಲ ಪ್ರಶ್ನೆಗೆ ಎರಡನೆಯ ಕಂತಿನಲ್ಲಿ ಉತ್ತರವಿದೆ, ನಾವು ಅದನ್ನು ಗಮನಿಸಿಯೇ ಇರಲಿಲ್ಲ. ಮೊದಲ ಕಂತಿನಲ್ಲಿ ಹೆಲೇನಾ ತನಗೆ ಹೆದರಿಕೆಯಾಗುತ್ತಿದೆ ಎನ್ನುತ್ತಾಳೆ. ಡ್ರ್ಯಾಗನ್‌ಗಳ ಹೆದರಿಕೆ ಇರಬೇಕು ಎಂದು ಏಗಾನ್ ಸಮಾಧಾನಕ್ಕೆ ತೊಡಗಿದರೆ, ಅಲ್ಲ, ಇಲಿಗಳದ್ದು ಎನ್ನುತ್ತಾಳೆ. ಅವನಿಗೆ ಅದು ಅರ್ಥವಾಗುವುದಿಲ್ಲ. ಅದೇ ಕಂತಿನಲ್ಲಿ ಅವನು ಮಗನನ್ನು ಮಂತ್ರಿಗಳ ಸಭೆಗೆ ಕರೆತಂದು ಮೆರೆಯುತ್ತಾನೆ, ಕುರಿ ಕಳೆದುಕೊಂಡ ಬಡವನಿಗೆ ಕೊಟ್ಟೇಬಿಡೋಣ ಎನ್ನಲು ಹೋಗಿ ಅಜ್ಜ ಒಟ್ಟೊನಿಂದ ಕಿವಿಮಾತು ಕೇಳಿಸಿಕೊಳ್ಳುತ್ತಾನೆ. ದಡ್ಡನಾದರೂ ಕೆಟ್ಟವನಲ್ಲ ಎಂದು ನಮಗೆ ಅನ್ನಿಸುವಷ್ಟು ಹೊತ್ತು ಸರಣಿ ಅವನ ಜೊತೆ ಕಳೆಯುತ್ತದೆ.

ಮಗ ಸತ್ತ ಮೇಲೆ, ಕೊಂದವರಲ್ಲೊಬ್ಬ ಇಲಿ ಹಿಡಿಯುವವನೆಂದು ತಿಳಿಯುತ್ತದೆ, ಯಾವನೆಂದು ತಿಳಿಯುವುದಿಲ್ಲ. ಆದ್ದರಿಂದ ಏಗಾನ್ ಅರಮನೆಯ ಇಲಿ ಹಿಡಿಯುವವರೆಲ್ಲರನ್ನೂ ನೇಣಿಗೆ ಹಾಕಿಸಿ, ಹೆಣಗಳನ್ನು ಕೋಟೆಯ ಗೋಡೆಯಿಂದ ಊರಿಗೆಲ್ಲ ಕಾಣುವಂತೆ ತೂಗಿಬಿಡುತ್ತಾನೆ. ಅಲ್ಲಿ ಗುರಿ ತಪ್ಪಲಿಲ್ಲ, ಡ್ರ್ಯಾಗನ್ ಮಾತು ಮೀರಲಿಲ್ಲ, ಯಾರೂ ಏನನ್ನೂ ತಪ್ಪಾಗಿ ಕೇಳಿಸಿಕೊಳ್ಳಲಿಲ್ಲ. ಹೆಣ್ಣುಮಕ್ಕಳು ಆ ಗೋಡೆಯ ಕೆಳಗೆ ನಿಂತು ತಮ್ಮ ಗಂಡಂದಿರ ಕಾಲುಗಳನ್ನು ನೋಡುತ್ತಾ ಅಳುತ್ತಿರುತ್ತಾರೆ.